ತಾರಸಿಯ ಬೆಳೆ, ತೊಟ್ಟಿಯ ಲೆಕ್ಕ

ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ಮಳೆನೀರು ಕೊಯ್ಲಿನ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ತಾರಸಿಯಲ್ಲಿ ಮಣ್ಣಿಲ್ಲದೆ ತರಕಾರಿ ಬೆಳೆಯುವ ಬಗ್ಗೆ ಕೇಳಿಬರುವ ಉತ್ಸಾಹದ ಮಾತುಗಳು ಮಾತ್ರ ಹೆಚ್ಚಾಗಿ ಇಲ್ಲಿಗೇ ಮುಗಿದುಬಿಡುತ್ತವೆ. ನೂರು ಚದರ ಮೀಟರಿನ ತಾರಸಿ, ವರ್ಷಕ್ಕೆ 800 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳೋಣ. ಸಿಡಿದು, ಆವಿಯಾಗಿ, ಮೊದಲ ಹನಿಗಳ ಕೊಳೆಯೊಂದಿಗೆ ಹೊರಹೋಗಿ ನಷ್ಟವಾಗುವ ಪಾಲನ್ನು ನೂರಕ್ಕೆ ಹದಿನೈದು ಎಂದು ಕಳೆದರೂ 68,000 ಲೀಟರ್ ಕೈಗೆ ಸಿಗುತ್ತದೆ. ಅದೇ ತಾರಸಿಯ 40 ಚದರ ಮೀಟರಿನಲ್ಲಿ ಸೊಪ್ಪು, ಟೊಮೆಟೊ ಬೆಳೆದರೆ, ಚದರ ಮೀಟರಿಗೆ ದಿನಕ್ಕೆ ಸರಾಸರಿ ಮೂರೂವರೆ ಲೀಟರಿನಂತೆ 140 ಲೀಟರ್, ವರ್ಷಕ್ಕೆ 51,100 ಲೀಟರ್ ನೀರು ಬೇಕಾಗುತ್ತದೆ. ಬೀಳುವುದು ಹೆಚ್ಚು, ಬೇಕಾದದ್ದು ಕಡಿಮೆ. ಹಾಗಿದ್ದ ಮೇಲೆ ಇನ್ನೇನು ಅಡ್ಡಿ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಅಡ್ಡಿಯಿರುವುದು ಮಳೆ ಬೀಳುವ ದಿನಕ್ಕೂ ಗಿಡ ನೀರು ಕುಡಿಯುವ ದಿನಕ್ಕೂ ನಡುವಿನ ಅಂತರದಲ್ಲಿ. ಮಳೆ ವರ್ಷವಿಡೀ ಅಷ್ಟಿಷ್ಟು ಹಂಚಿ ಬೀಳುವ ಪ್ರದೇಶದಲ್ಲಿ ಮೂರು ವಾರದ ಒಣಹವೆಯನ್ನು ದಾಟಲು 3,000 ಲೀಟರಿನ ತೊಟ್ಟಿ ಸಾಕು. ಅದೇ 800 ಮಿಲಿಮೀಟರ್ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುವ ಕಡೆ, ಉಳಿದ 240 ದಿನಗಳಿಗಾಗಿ 33,600 ಲೀಟರ್ ಕೂಡಿಡಬೇಕು. ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರಿಗಿಂತ ತುಸು ಹೆಚ್ಚು ಅಗಲ, ಎರಡು ಮೀಟರ್ ಆಳದ ತೊಟ್ಟಿ ಅದು. ಒಂದು ಕೋಣೆಯಷ್ಟು ಜಾಗ, ಮೂವತ್ತಮೂರು ಟನ್ನಿಗೂ ಮೀರಿದ ಭಾರ. ವಾರ್ಷಿಕ ಮಳೆ ಎರಡು ಕಡೆಯೂ ಒಂದೇ ಆಗಿದ್ದರೂ ಒಂದು ಕಡೆ ಮೂಲೆಯಲ್ಲೊಂದು ಪ್ಲಾಸ್ಟಿಕ್ ಟ್ಯಾಂಕ್ ಇಟ್ಟರೆ ಕೆಲಸ ಮುಗಿಯುತ್ತದೆ, ಇನ್ನೊಂದು ಕಡೆ ಕಟ್ಟಡದ ಬುಡದಲ್ಲೇ ಸಂಪು ತೋಡಬೇಕಾಗುತ್ತದೆ. ಆದ್ದರಿಂದ ತಾರಸಿ ಕೃಷಿಗೆ ಮಳೆನೀರು ಸಾಲುತ್ತದೆಯೇ ಎಂಬ ಪ್ರಶ್ನೆಗೆ ವಾರ್ಷಿಕ ಮಳೆಯ ಅಂಕಿಯನ್ನು ಹಿಡಿದು ಉತ್ತರ ಹೇಳುವವರ ಮಾತನ್ನು ಅಷ್ಟಾಗಿ ನಂಬುವಂತಿಲ್ಲ. ಎರಡು ಮಳೆಗಳ ನಡುವಿನ ಅತಿ ದೀರ್ಘ ಬಿಡುವು ಎಷ್ಟು ದಿನದ್ದು ಎಂದು ಕೇಳುವುದೇ ಸರಿಯಾದ ಕ್ರಮ.

ಇಷ್ಟೆಲ್ಲ ಕಷ್ಟಪಟ್ಟು ಮಳೆನೀರನ್ನೇ ಏಕೆ ಹಿಡಿಯಬೇಕು, ನಲ್ಲಿ ನೀರೋ ಕೊಳವೆಬಾವಿಯ ನೀರೋ ಸಾಲದೇ ಎಂಬ ಪ್ರಶ್ನೆಗೆ ನೀರಿನ ಉಳಿತಾಯವೆಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಅದು ಸುಳ್ಳಲ್ಲ. ಆದರೆ ಅದಕ್ಕಿಂತ ಗಟ್ಟಿಯಾದ ಕಾರಣ ರಸಾಯನಶಾಸ್ತ್ರದಲ್ಲಿದೆ, ಮತ್ತು ಅದನ್ನು ಅರಿಯಲು ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದೆ ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆಯುವ ಪದ್ಧತಿ, ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಗಿಡಕ್ಕೆ ಮಣ್ಣು ಬೇಕಾದದ್ದು ನೆಲೆ ನಿಲ್ಲಲು, ನೀರನ್ನೂ ಗಾಳಿಯನ್ನೂ ಬೇರಿನ ಬಳಿ ಹಿಡಿದಿಡಲು, ಖನಿಜಗಳನ್ನು ಒದಗಿಸಲು. ಈ ಕೆಲಸಗಳನ್ನೆಲ್ಲ ಬೇರೆ ರೀತಿಯಲ್ಲಿ ಮಾಡಿಕೊಟ್ಟರೆ ಮಣ್ಣಿಲ್ಲದೆಯೂ ಗಿಡ ಬೆಳೆಯುತ್ತದೆ ಎಂಬುದನ್ನು ಜರ್ಮನಿಯ ಸಸ್ಯವಿಜ್ಞಾನಿಗಳಾದ ಜೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ಕ್ನಾಪ್ 1860ರ ದಶಕದಲ್ಲೇ ತೋರಿಸಿದ್ದರು. ಅದನ್ನು ಪ್ರಯೋಗಶಾಲೆಯಿಂದ ಬೇಸಾಯದ ಕಡೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್. ಹೈಡ್ರೋಪೋನಿಕ್ಸ್ ಎಂಬ ಹೆಸರು ಚಾಲ್ತಿಗೆ ಬಂದದ್ದು 1937ರಲ್ಲಿ. ಮರುವರ್ಷವೇ ಅದೇ ವಿಶ್ವವಿದ್ಯಾಲಯದ ಡೆನಿಸ್ ಹೋಗ್ಲ್ಯಾಂಡ್ ಮತ್ತು ಡೇನಿಯಲ್ ಆರ್ನನ್ ಪೋಷಕ ದ್ರಾವಣದ ಒಂದು ಸೂತ್ರವನ್ನು ಪ್ರಕಟಿಸಿದರು. ಇಂದಿಗೂ ಬಳಕೆಯಲ್ಲಿರುವ ಎಷ್ಟೋ ಮಿಶ್ರಣಗಳ ಮೂಲ ಅದು. ಅದರ ಜೊತೆಗೇ ಅವರು ಹೇಳಿದ ಇನ್ನೊಂದು ಮಾತು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ಬೆಳಕು, ಹವೆ, ಆರೈಕೆ ಒಂದೇ ಆಗಿದ್ದರೆ ಒಳ್ಳೆಯ ಮಣ್ಣಿನಲ್ಲಿ ಬರುವಷ್ಟೇ ಬೆಳೆ ನೀರಿನಲ್ಲೂ ಬರುತ್ತದೆಯೇ ಹೊರತು ಪವಾಡವೇನೂ ನಡೆಯುವುದಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು. ಹೈಡ್ರೋಪೋನಿಕ್ಸ್‌ನ ಹೆಚ್ಚು ಇಳುವರಿಯ ಬಹುಪಾಲು ಹಸಿರುಮನೆಯ ಹದವಾದ ಹವೆಯಿಂದ, ಒತ್ತೊತ್ತಾಗಿ ನೆಡುವುದರಿಂದ, ವರ್ಷಕ್ಕೆ ಹಲವು ಬಾರಿ ಬೆಳೆ ತೆಗೆಯುವುದರಿಂದ ಬರುತ್ತದೆ.

ಈಗ ದ್ರಾವಣದ ಮಾತಿಗೆ ಬರೋಣ. ತಾರಸಿಯಲ್ಲಿ ಹೆಚ್ಚಾಗಿ ಕಾಣುವುದು ಇಳಿಜಾರಾಗಿ ಜೋಡಿಸಿದ ಪ್ಲಾಸ್ಟಿಕ್ ಕಾಲುವೆಗಳು. ಕೆಳಗಿನ ತೊಟ್ಟಿಯಿಂದ ಪಂಪು ಎತ್ತಿದ ಪೋಷಕ ದ್ರಾವಣ ಕಾಲುವೆಯ ತಳದಲ್ಲಿ ತೆಳ್ಳಗೆ ಹರಿದು, ಬೇರುಗಳನ್ನು ತೋಯಿಸಿ, ಮತ್ತೆ ಅದೇ ತೊಟ್ಟಿಗೆ ಮರಳುತ್ತದೆ. ಗಿಡ ಕುಡಿದಷ್ಟು ನೀರನ್ನು ದಿನವೂ ತುಂಬಿಸುತ್ತಾರೆ, ತೆಗೆದುಕೊಂಡಷ್ಟು ಪೋಷಕಾಂಶವನ್ನು ಬೆರೆಸುತ್ತಾರೆ. ತುಂಬಿಸುವ ನೀರಿನಲ್ಲಿ ಗಿಡಕ್ಕೆ ಬೇಡವಾದದ್ದೇನಾದರೂ ಇದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ, ತೊಟ್ಟಿಯಲ್ಲೇ ಕೂತು ದಿನದಿನಕ್ಕೆ ಗಟ್ಟಿಯಾಗುತ್ತದೆ. ಸೋಡಿಯಂ ಇದಕ್ಕೆ ಒಳ್ಳೆಯ ಉದಾಹರಣೆ. 500 ಲೀಟರಿನ ತೊಟ್ಟಿಗೆ ದಿನಕ್ಕೆ 140 ಲೀಟರ್ ನೀರು ತುಂಬುತ್ತಿದ್ದು, ಆ ನೀರಿನ ಒಂದು ಲೀಟರಿನಲ್ಲಿ 50 ಮಿಲಿಗ್ರಾಂ ಸೋಡಿಯಂ ಇದ್ದರೆ ದಿನಕ್ಕೆ 7 ಗ್ರಾಂ ಒಳಬರುತ್ತದೆ. ಗಿಡ ಅದನ್ನು ಮುಟ್ಟುವುದೇ ಇಲ್ಲ ಎಂದು ಹಿಡಿದರೆ ಒಂದು ತಿಂಗಳಲ್ಲಿ ಅದು ಲೀಟರಿಗೆ 420 ಮಿಲಿಗ್ರಾಂ ಏರುತ್ತದೆ. ಗಿಡ ಸ್ವಲ್ಪ ಹೀರಿಕೊಳ್ಳುವುದರಿಂದ ನಿಜವಾದ ಅಂಕಿ ಇದಕ್ಕಿಂತ ಕಡಿಮೆಯಿರುತ್ತದಾದರೂ ದಿಕ್ಕು ಮಾತ್ರ ಬದಲಾಗುವುದಿಲ್ಲ. ಇ.ಸಿ. ಮೀಟರು, ಅಂದರೆ ದ್ರಾವಣದ ವಿದ್ಯುತ್ ವಾಹಕತೆಯನ್ನು ಅಳೆಯುವ ಕಡ್ಡಿ, ಒಟ್ಟು ಲವಣವನ್ನು ತೋರಿಸುತ್ತದೆಯೇ ಹೊರತು ಯಾವ ಲವಣವೆಂದು ಹೇಳುವುದಿಲ್ಲ. ಹೀಗಾಗಿ ಮೀಟರಿನಲ್ಲಿ ಅಂಕಿ ಸರಿಯಾಗಿಯೇ ಇದ್ದು, ಗಿಡ ಸೊರಗುತ್ತಿರುವ ವಿಚಿತ್ರ ಸ್ಥಿತಿ ಬರುತ್ತದೆ: ಪೋಷಕಾಂಶ ಇರಬೇಕಾದ ಕಡೆ ಉಪ್ಪು ಕೂತಿರುತ್ತದೆ. ಆಗ ಉಳಿದಿರುವ ದಾರಿ ಒಂದೇ. ತೊಟ್ಟಿಯ ದ್ರಾವಣವನ್ನೆಲ್ಲ ಚರಂಡಿಗೆ ಬಿಟ್ಟು ಹೊಸದಾಗಿ ಶುರುಮಾಡಬೇಕು. ನೀರು ಉಳಿಸುತ್ತೇವೆಂದು ಹೊರಟವರು ಹೀಗೆ ನೀರನ್ನೂ ಅದರಲ್ಲಿ ಕರಗಿದ ನೈಟ್ರೇಟ್, ಫಾಸ್ಫೇಟ್‌ಗಳನ್ನೂ ಮೋರಿಗೆ ಸುರಿಯುವುದು ಈ ಕ್ಷೇತ್ರದಲ್ಲಿ ಯಾರೂ ಹೆಚ್ಚು ಮಾತಾಡದ ಸಂಗತಿ.

ಸಮುದ್ರದಿಂದ ದೂರದಲ್ಲಿ ಬೀಳುವ ಮಳೆನೀರಿನಲ್ಲಿ ಸೋಡಿಯಂ ಲೀಟರಿಗೆ ಒಂದೆರಡು ಮಿಲಿಗ್ರಾಂ ಇದ್ದರೆ ಹೆಚ್ಚು. ಮೇಲಿನ ಲೆಕ್ಕವನ್ನೇ ಎರಡು ಮಿಲಿಗ್ರಾಂ ಎಂದು ಹಿಡಿದು ಮಾಡಿದರೆ ತಿಂಗಳ ಕೊನೆಗೆ ಬರುವುದು ಬರೀ 17. ಅದೇ ದ್ರಾವಣವನ್ನು ತಿಂಗಳುಗಟ್ಟಲೆ ತಿರುಗಿಸಬಹುದು. ಹೈಡ್ರೋಪೋನಿಕ್ಸ್‌ಗೂ ಮಳೆನೀರಿಗೂ ಇರುವ ನಿಜವಾದ ನಂಟು ಇದು. ನೆದರ್ಲೆಂಡ್ಸ್‌ನ ಹಸಿರುಮನೆ ಬೆಳೆಗಾರರು ಪರಿಸರಪ್ರೇಮದ ಮಾತು ಫ್ಯಾಷನ್ ಆಗುವುದಕ್ಕಿಂತ ಬಹಳ ಮೊದಲೇ ಗಾಜಿನ ಸೂರಿನ ನೀರನ್ನು ದೊಡ್ಡ ಹೊಂಡಗಳಲ್ಲಿ ಹಿಡಿಯತೊಡಗಿದ್ದೂ ಈ ಕಾರಣಕ್ಕಾಗಿಯೇ. ಅಲ್ಲಿನ ನಿಯಮಗಳು ಒಂದು ಹೆಕ್ಟೇರ್ ಹಸಿರುಮನೆಗೆ ಕನಿಷ್ಠ 500 ಘನ ಮೀಟರ್ ಮಳೆನೀರಿನ ಸಂಗ್ರಹವಿರಬೇಕೆಂದು ಹೇಳಿವೆ. ಚದರ ಮೀಟರಿಗೆ 50 ಲೀಟರ್ ಎಂದಾಯಿತು. ಆ ದೇಶದಲ್ಲಿ ಎಲ್ಲ ತಿಂಗಳೂ ಮಳೆ ಬೀಳುವುದರಿಂದ ಅಷ್ಟು ಸಂಗ್ರಹದಿಂದಲೂ ಬಹಳಷ್ಟು ಕೆಲಸ ಸಾಗುತ್ತದೆ. ಮೊದಲಿಗೆ ಕೊಟ್ಟ ನಾಲ್ಕು ತಿಂಗಳ ಮಳೆಯ ಉದಾಹರಣೆಯಲ್ಲಿ ಬೆಳೆಯ ಚದರ ಮೀಟರಿಗೆ 840 ಲೀಟರ್ ಬೇಕಾಗಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಶುದ್ಧ ನೀರಿಗೂ ತನ್ನದೇ ಆದ ರಗಳೆಯಿದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಮಳೆನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರ ಗುಣದ ಅಳತೆ, ಸುಮಾರು 5.6ರಷ್ಟಿರುತ್ತದೆ. ಬಹುತೇಕ ತರಕಾರಿಗಳಿಗೆ ಬೇಕಾದ 5.5ರಿಂದ 6.5ರ ವ್ಯಾಪ್ತಿಯಲ್ಲೇ ಅದು ಬರುವುದನ್ನು ನೋಡಿ ಸಂತೋಷಪಡುವಂತಿಲ್ಲ; ಮಳೆನೀರಿನಲ್ಲಿ ಬೈಕಾರ್ಬೊನೇಟ್ ಇಲ್ಲದೇ ಇರುವುದರಿಂದ ಏರಿಳಿತವನ್ನು ತಡೆಯುವ ಶಕ್ತಿಯೂ ಅದಕ್ಕಿಲ್ಲ. ಗಿಡ ನೈಟ್ರೇಟನ್ನು ಹೀರಿದಾಗ ಪಿಎಚ್ ಮೇಲೇರುತ್ತದೆ, ಅಮೋನಿಯಂ ಹೀರಿದಾಗ ಕೆಳಗಿಳಿಯುತ್ತದೆ. ಗಡಸು ನೀರಿನಲ್ಲಿ ವಾರ ಹಿಡಿಯುವ ಬದಲಾವಣೆ ಮಳೆನೀರಿನ ದ್ರಾವಣದಲ್ಲಿ ಒಂದೆರಡು ದಿನಗಳಲ್ಲಿ ಆಗಿಬಿಡಬಹುದು. ನಲ್ಲಿ ನೀರಿನಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಇದರಲ್ಲಿಲ್ಲ. ನಲ್ಲಿ ನೀರಿಗೆಂದು ತಯಾರಾದ ಗೊಬ್ಬರದ ಪೊಟ್ಟಣವನ್ನು ಮಳೆನೀರಿಗೆ ಬೆರೆಸಿದವರು ಲೆಟ್ಯೂಸ್‌ನ ಒಳಗಿನ ಎಳೆ ಎಲೆಗಳ ಅಂಚು ಕಂದಿ ಸುಟ್ಟಂತಾಗಿರುವುದನ್ನು ಕಂಡು ರೋಗವೆಂದು ಗಾಬರಿಯಾಗುತ್ತಾರೆ. ಬಹಳ ಸಲ ಅದು ಎಲೆಯ ತುದಿಗೆ ಕ್ಯಾಲ್ಸಿಯಂ ತಲುಪದೆ ಬರುವ ತೊಂದರೆ. ಕ್ಯಾಲ್ಸಿಯಂ ನೈಟ್ರೇಟ್ ಸೇರಿಸುವುದು ಇದಕ್ಕೆ ಪರಿಹಾರ. ಅದನ್ನು ಸಲ್ಫೇಟ್, ಫಾಸ್ಫೇಟ್‌ಗಳ ಜೊತೆ ಒಂದೇ ಡಬ್ಬಿಯಲ್ಲಿ ಗಟ್ಟಿಯಾಗಿ ಕಲಸಿದರೆ ಸುಣ್ಣದಂತೆ ತಳಕ್ಕಿಳಿದು ವ್ಯರ್ಥವಾಗುವುದರಿಂದಲೇ ‘ಎ’ ಮತ್ತು ‘ಬಿ’ ಎಂಬ ಎರಡು ಬೇರೆ ಡಬ್ಬಿಗಳ ಪದ್ಧತಿ ಬಂದಿರುವುದು. ಅನುಭವಸ್ಥರು ಮಾಡುವ ಸರಳ ಉಪಾಯ ಇನ್ನೊಂದಿದೆ. ಮಳೆನೀರಿಗೆ ನೂರಕ್ಕೆ ಹತ್ತಿಪ್ಪತ್ತು ಪಾಲು ಗಡಸು ನೀರನ್ನು ಬೆರೆಸಿಬಿಡುತ್ತಾರೆ. ಸೋಡಿಯಂ ಹದ್ದುಬಸ್ತಿನಲ್ಲೂ ಇರುತ್ತದೆ, ಪಿಎಚ್ ಕೂಡ ಕುಣಿಯುವುದಿಲ್ಲ.

ಆಕಾಶದಿಂದ ಬೀಳುವಾಗ ಇದ್ದ ನೀರಿಗೂ ತೊಟ್ಟಿಗೆ ಬರುವ ನೀರಿಗೂ ನಡುವೆ ತಾರಸಿಯಿದೆ ಎಂಬುದನ್ನು ಮರೆಯುವಂತಿಲ್ಲ. ಬಹುದಿನಗಳ ಒಣಹವೆಯ ನಂತರದ ಮೊದಲ ಮಳೆಯನ್ನು ಗಾಜಿನ ಲೋಟದಲ್ಲಿ ಹಿಡಿದರೆ ನೀರು ತೆಳು ಚಹಾದ ಬಣ್ಣಕ್ಕಿರುತ್ತದೆ. ತಳದಲ್ಲಿ ಧೂಳು, ಮೇಲೆ ಒಣ ಎಲೆಯ ಚೂರು, ನಡುವೆ ಕಣ್ಣಿಗೆ ಕಾಣದ ಹಕ್ಕಿ ಹಿಕ್ಕೆಯ ಬ್ಯಾಕ್ಟೀರಿಯ. ಹತ್ತು ಹದಿನೈದು ನಿಮಿಷ ಬಿಟ್ಟು ಇನ್ನೊಂದು ಲೋಟ ಹಿಡಿದರೆ ಅದರ ಆಚೆ ಇಟ್ಟ ಕಾಗದದ ಅಕ್ಷರ ಓದಬಹುದು. ಆದ್ದರಿಂದಲೇ ಮೊದಲ ಒಂದೆರಡು ಮಿಲಿಮೀಟರ್ ಮಳೆಯನ್ನು, ಅಂದರೆ ನೂರು ಚದರ ಮೀಟರಿಗೆ ನೂರಿನ್ನೂರು ಲೀಟರನ್ನು, ತೊಟ್ಟಿಗೆ ಬಿಡದೆ ಬೇರೆಡೆಗೆ ತಿರುಗಿಸುವ ಪೈಪು ಅತ್ಯಗತ್ಯ. ಹಕ್ಕಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್‌ಗಳಿರಬಹುದಾದ್ದರಿಂದ ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಗೆ ಈ ನೀರು ತಾಗದಂತೆ ಬೇರಿಗಷ್ಟೇ ಹರಿಸುವುದು ಸುರಕ್ಷಿತ. ಎಲೆಗೆ ಸಿಂಪಡಿಸುವ ಅಭ್ಯಾಸವಿದ್ದರೆ ಮರಳಿನ ಸೋಸುಗಟ್ಟೆಯೋ ಅತಿನೇರಳೆ ದೀಪವೋ ಬೇಕೇ ಬೇಕು.

ಹಿಕ್ಕೆಗಿಂತ ಸೂಕ್ಷ್ಮವಾದ ಅಪಾಯ ಸೂರಿನ ವಸ್ತುವಿನದು. ಸತುವಿನ ಲೇಪನವಿರುವ ತಗಡಿನ ಮೇಲಿಂದ ಹರಿದ ನೀರಿನಲ್ಲಿ ಸತು ಲೀಟರಿಗೆ ಹಲವು ಮಿಲಿಗ್ರಾಂ ತನಕ ಇರಬಹುದು. ಪೋಷಕ ದ್ರಾವಣಕ್ಕೆ ಬೇಕಾದದ್ದು ಒಂದು ಮಿಲಿಗ್ರಾಮಿನ ಸಣ್ಣ ಭಾಗ. ಹಳೆಯ ಸೀಸದ ಬೆಸುಗೆ, ಬಣ್ಣ ಇದ್ದ ಕಡೆ ಆ ನೀರನ್ನು ಆಹಾರದ ಬೆಳೆಗೆ ಬಳಸಲೇಬಾರದು. ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಬಿಟುಮೆನ್, ಅಂದರೆ ಡಾಂಬರಿನಂಥ ವಸ್ತುವಿನ, ಹಾಸಿನ ಕಥೆ. ಸೋರದಂತೆ ತಡೆಯಲು ಚಪ್ಪಟೆ ಸೂರಿಗೆ ಹಾಸುವ ಕೆಲವು ಬಿಟುಮೆನ್ ಹಾಳೆಗಳಿಗೆ, ಗಿಡದ ಬೇರು ತೂರಿ ಬರದಿರಲೆಂದು, ಕಾರ್ಖಾನೆಯಲ್ಲೇ ಬೇರುನಿರೋಧಕವೊಂದನ್ನು ಸೇರಿಸುತ್ತಾರೆ. ಅದು ನೀರಿನಲ್ಲಿ ಒಡೆದು ಮೆಕೊಪ್ರಾಪ್ ಆಗುತ್ತದೆ, ಅಂದರೆ ಹೊಲದಲ್ಲಿ ಅಗಲ ಎಲೆಯ ಕಳೆಗಳನ್ನು ಕೊಲ್ಲಲು ಬಳಸುವ ಕಳೆನಾಶಕ. ಸ್ವಿಟ್ಜರ್ಲೆಂಡ್‌ನ ಸಂಶೋಧಕರು ಚಪ್ಪಟೆ ಸೂರುಗಳಿಂದ ಹರಿಯುವ ನೀರಿನಲ್ಲಿ ಇದನ್ನು ಪತ್ತೆ ಮಾಡಿ 1998ರಲ್ಲೇ ವರದಿ ಮಾಡಿದ್ದರು. ಟೊಮೆಟೊವೂ ಲೆಟ್ಯೂಸೂ ಅಗಲ ಎಲೆಯ ಗಿಡಗಳೇ. ತಾರಸಿಗೆ ಯಾವ ಹಾಸು ಹಾಕಿದ್ದಾರೆ ಎಂದು ವಿಚಾರಿಸದೆ ಆ ನೀರನ್ನು ತೊಟ್ಟಿಗೆ ತಿರುಗಿಸುವವರು ಗಿಡ ಏಕೆ ಮುರುಟಿತೆಂದು ಆಮೇಲೆ ಎಷ್ಟು ತಲೆ ಕೆರೆದುಕೊಂಡರೂ ಉತ್ತರ ಸಿಗಲಿಕ್ಕಿಲ್ಲ.

ತೊಟ್ಟಿಯ ಭಾರದ ಪ್ರಶ್ನೆಗೆ ಮರಳೋಣ, ಏಕೆಂದರೆ ಯೋಜನೆ ನಿಲ್ಲುವುದೂ ಬೀಳುವುದೂ ಅಲ್ಲಿಯೇ. ಜನ ಓಡಾಡುವ ತಾರಸಿಗೆ ಹಲವು ದೇಶಗಳ ಕಟ್ಟಡ ನಿಯಮಗಳು ಚದರ ಮೀಟರಿಗೆ ಸುಮಾರು 150ರಿಂದ 200 ಕಿಲೊ ಹೊರೆಯನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಓಡಾಟವಿಲ್ಲದ ಸೂರಿಗೆ ಅದು ಇನ್ನೂ ಕಡಿಮೆ. ಒಂದಡಿ ದಪ್ಪದ ಒದ್ದೆ ಮಣ್ಣು ಚದರ ಮೀಟರಿಗೆ 500 ಕಿಲೊ ಆಸುಪಾಸು ತೂಗುತ್ತದೆ. ತೆಳುವಾಗಿ ನೀರು ಹರಿಯುವ ಕಾಲುವೆ, ಅದರ ಕಂಬ, ಗಿಡ ಎಲ್ಲ ಸೇರಿದರೂ ಅದಕ್ಕಿಂತ ಎಷ್ಟೋ ಪಟ್ಟು ಹಗುರ. ತಾರಸಿಯ ಮಟ್ಟಿಗೆ ಹೈಡ್ರೋಪೋನಿಕ್ಸ್‌ನ ಬಲುದೊಡ್ಡ ಗುಣ ಇದೇ ಎಂದು ನನ್ನ ಅಭಿಪ್ರಾಯ. ಬೇಗ ಬೆಳೆಯುವುದು, ಕಳೆಯಿಲ್ಲದಿರುವುದು ಎಲ್ಲ ಆಮೇಲಿನ ಮಾತು. ಆದರೆ ಗಿಡಗಳು ನೀರಿನ ಮೇಲೆ ತೇಲುವ ಹಾಸಿನ ಪದ್ಧತಿಯಲ್ಲಿ 25 ಸೆಂಟಿಮೀಟರ್ ಆಳದ ನೀರೇ ಚದರ ಮೀಟರಿಗೆ 250 ಕಿಲೊ ಆಗುತ್ತದೆ. ಒಂದು ಸಾವಿರ ಲೀಟರಿನ ದುಂಡನೆಯ ಟ್ಯಾಂಕ್ ಹೆಚ್ಚುಕಡಿಮೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಟನ್ ಭಾರ ಹೇರುತ್ತದೆ. ಅದನ್ನು ತೊಲೆ, ಕಂಬಗಳ ತಲೆಯ ಮೇಲೆ ಬರುವಂತೆ ಕೂರಿಸುವುದಕ್ಕೂ ಹಾಸಿನ ನಟ್ಟನಡುವೆ ಇಡುವುದಕ್ಕೂ ಅಜಗಜಾಂತರವಿದೆ. ಬೆಳೆ ಮೇಲಿರಲಿ, ನೀರು ಕೆಳಗಿರಲಿ ಎಂಬುದು ಇದರಿಂದ ತಾನಾಗಿಯೇ ಹೊರಡುವ ನಿಯಮ.

ಕೆಳಗಿಟ್ಟ ನೀರನ್ನು ಮತ್ತೆ ಮೇಲೆತ್ತುವ ವಿದ್ಯುತ್ತಿನ ಬಗ್ಗೆ ಚಿಂತಿಸುವವರಿದ್ದಾರೆ. ಲೆಕ್ಕ ಹಾಕಿದರೆ ಆ ಚಿಂತೆಗೆ ಆಧಾರವಿಲ್ಲ. ಎಂಟು ತಿಂಗಳ 33,600 ಲೀಟರನ್ನು ಹತ್ತು ಮೀಟರ್ ಎತ್ತರಕ್ಕೆ ಏರಿಸಲು ತಾತ್ವಿಕವಾಗಿ ಒಂದು ಯೂನಿಟ್‌ಗಿಂತ ತುಸು ಕಡಿಮೆ ಸಾಕು. ಸಣ್ಣ ಪಂಪಿನ ನಷ್ಟವನ್ನೆಲ್ಲ ಸೇರಿಸಿದರೂ ಮೂರು ನಾಲ್ಕು ಯೂನಿಟ್. ಕಾಲುವೆಗಳಲ್ಲಿ ದ್ರಾವಣ ತಿರುಗಿಸುವ 40 ವಾಟಿನ ಪಂಪು ಹಗಲೂ ರಾತ್ರಿ ಓಡಿದರೆ ನಾಲ್ಕೇ ದಿನಗಳಲ್ಲಿ ಅಷ್ಟು ವಿದ್ಯುತ್ ಕುಡಿಯುತ್ತದೆ. ವಿದ್ಯುತ್ತಿನ ಖರ್ಚನ್ನು ನೋಡಬೇಕಾದದ್ದು ಅಲ್ಲಿ, ಮತ್ತು ಅದಕ್ಕಿಂತ ಹೆಚ್ಚಾಗಿ ಹಸಿರುಮನೆಯನ್ನು ಬಿಸಿ ಅಥವಾ ತಂಪು ಮಾಡುವಲ್ಲಿ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಹೋಲಿಕೆಯೊಂದು ಈ ವಿಷಯದಲ್ಲಿ ಪದೇ ಪದೇ ಉಲ್ಲೇಖವಾಗುತ್ತದೆ. ಅವರ ಲೆಕ್ಕದ ಪ್ರಕಾರ ಒಂದು ಕಿಲೊ ಲೆಟ್ಯೂಸ್ ಬೆಳೆಯಲು ಹೊಲದಲ್ಲಿ 250 ಲೀಟರ್ ನೀರು ಬೇಕಾದರೆ ಹೈಡ್ರೋಪೋನಿಕ್ಸ್ ಹಸಿರುಮನೆಯಲ್ಲಿ 20 ಲೀಟರ್ ಸಾಕು. ಚದರ ಮೀಟರಿಗೆ ವಾರ್ಷಿಕ ಇಳುವರಿ 3.9 ಕಿಲೊ ಇದ್ದದ್ದು 41 ಕಿಲೊ ಆಗುತ್ತದೆ. ಪ್ರಚಾರದ ಬರಹಗಳು ಇಲ್ಲಿಗೆ ನಿಲ್ಲಿಸುತ್ತವೆ. ಅದೇ ಅಧ್ಯಯನದ ಮೂರನೆಯ ಅಂಕಿ ಶಕ್ತಿಯದು: ಹೊಲದಲ್ಲಿ ಕಿಲೊಗೆ 1,100 ಕಿಲೊಜೂಲ್, ಹಸಿರುಮನೆಯಲ್ಲಿ 90,000. ಅದರಲ್ಲಿ ಪಂಪುಗಳ ಪಾಲು ಸಾವಿರಕ್ಕೂ ಕಡಿಮೆ. ಉಳಿದದ್ದೆಲ್ಲ ಬಿಸಿ, ತಂಪು ಮತ್ತು ದೀಪಗಳಿಗೆ. ಬಿಸಿಲು ಧಾರಾಳವಾಗಿದ್ದು, ಹವೆ ಅತಿಗೆ ಹೋಗದ ಕಡೆ, ನೆರಳುಬಲೆಯ ಕೆಳಗೆ ಬೆಳೆಯುವವರಿಗೆ ಈ ಅಂಕಿ ಅನ್ವಯಿಸುವುದಿಲ್ಲ. ಕೃತಕ ದೀಪ ಹಚ್ಚಿ ತಾರಸಿಯ ಮೇಲೆ ಬೆಳೆಯುವವರು ಮಾತ್ರ ತಲೆಯ ಮೇಲಿರುವ ಸೂರ್ಯನನ್ನು ಬಿಟ್ಟು ಏಕೆ ಹೀಗೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಬಿಸಿಲೇ ಶತ್ರುವಾಗುವ ಸಂದರ್ಭವೂ ಇದೆ. ಬಿಸಿಯಾದ ಕಾಂಕ್ರೀಟಿನ ಮೇಲೆ, ಗಾಳಿಗೆ ಒಡ್ಡಿಕೊಂಡ ಕಾಲುವೆಗಳಲ್ಲಿ ತೆಳ್ಳಗೆ ಹರಿಯುವ ದ್ರಾವಣ ಬೇಗ ಕಾಯುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡಿರಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ; ಅದೇ ಹೊತ್ತಿಗೆ ಬೇರಿನ ಉಸಿರಾಟ ಜೋರಾಗಿ ಆಮ್ಲಜನಕದ ಬೇಡಿಕೆ ಹೆಚ್ಚುತ್ತದೆ. ಆರೋಗ್ಯವಾಗಿರುವ ಬೇರು ಬೆಳ್ಳಗೆ, ಗರಿಗರಿಯಾಗಿ, ಹತ್ತಿಯ ಎಳೆಯಂತೆ ಹರಡಿಕೊಂಡಿರುತ್ತದೆ. ಕಾದ ದ್ರಾವಣದಲ್ಲಿ ಬೇರು ಕೊಳೆಸುವ ಪಿಥಿಯಂ ಎಂಬ ರೋಗಾಣು ಹೊಕ್ಕರೆ ಅದೇ ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಉಳಿಯುತ್ತದೆ. ಒಂದೇ ದ್ರಾವಣ ಎಲ್ಲ ಗಿಡಗಳನ್ನೂ ಸುತ್ತಿ ಬರುವುದರಿಂದ ಒಂದಕ್ಕೆ ಬಂದದ್ದು ಎಲ್ಲಕ್ಕೂ ಬರುವುದಕ್ಕೆ ತಡವಾಗುವುದಿಲ್ಲ. ಕೆಳಗಿನ ಸಂಪಿನಲ್ಲಿ ಕತ್ತಲಲ್ಲಿ ತಣ್ಣಗಿರುವ ಮಳೆನೀರು ಇಲ್ಲಿಯೂ ನೆರವಿಗೆ ಬರುತ್ತದೆ. ಬೆಳಕು ಬೀಳದ ಕಾರಣ ಪಾಚಿಯೂ ಕಟ್ಟುವುದಿಲ್ಲ. ಬಲೆ ಹಾಕಿ ಮುಚ್ಚದಿದ್ದರೆ ಸೊಳ್ಳೆ ಕಟ್ಟುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ತೆಳು ಹರಿವಿನ ಪದ್ಧತಿಯಲ್ಲಿ ಬೇರಿನ ಬಳಿ ನೀರಿನ ದಾಸ್ತಾನೇ ಇರುವುದಿಲ್ಲ. ವಿದ್ಯುತ್ ಹೋಗಿ ಪಂಪು ನಿಂತರೆ ಸುಡುಬಿಸಿಲಿನ ಮಧ್ಯಾಹ್ನ ಕೆಲವೇ ಗಂಟೆಗಳಲ್ಲಿ ಗಿಡ ಬಾಡುತ್ತದೆ. ಹಗುರವಾಗಿರುವುದಕ್ಕೆ ಕೊಡುವ ಬೆಲೆ ಇದು: ತಾರಸಿಯ ಮೇಲೆ ಭಾರ ಕಡಿಮೆಯಾದಷ್ಟೂ ಅಲ್ಲಿರುವ ನೀರು ಕಡಿಮೆ, ನೀರು ಕಡಿಮೆಯಾದಷ್ಟೂ ತಪ್ಪಿಗೆ ಅವಕಾಶ ಕಡಿಮೆ. ತೆಂಗಿನ ನಾರಿನ ಪುಡಿಯೋ ಪರ್ಲೈಟ್ ಎಂಬ ಹಗುರ ಕಲ್ಲಿನ ಹರಳೋ ತುಂಬಿದ ಚೀಲಗಳಿಗೆ ಹನಿ ನೀರು ಬಿಡುವುದು ನಡುವಿನ ದಾರಿ. ಚೀಲ ಒಂದಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಪಂಪು ಕೈಕೊಟ್ಟರೂ ದಿನದ ಮಟ್ಟಿಗೆ ಉಸಿರಾಡಲು ಸಮಯ ಸಿಗುತ್ತದೆ. ಮನೆಯ ಮಟ್ಟಿಗೆ ಸೊಪ್ಪು ಬೆಳೆಯುವವರಿಗೆ ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ, ಪಂಪೇ ಇಲ್ಲದ ವಿಧಾನ ನನಗೆ ಹೆಚ್ಚು ಒಪ್ಪಿಗೆ. ಮುಚ್ಚಿದ ಡಬ್ಬದಲ್ಲಿ ಒಂದು ಗಿಡಕ್ಕೆ ನಾಲ್ಕೈದು ಲೀಟರ್ ದ್ರಾವಣ ತುಂಬಿ ಬಿಡುತ್ತಾರೆ. ಗಿಡ ಕುಡಿದಂತೆ ಮಟ್ಟ ಇಳಿಯುತ್ತದೆ, ಮೇಲ್ಭಾಗದ ಬೇರು ಗಾಳಿಯಲ್ಲಿ ಉಸಿರಾಡುತ್ತದೆ, ಕೆಳಭಾಗದ ಬೇರು ನೀರಿನಲ್ಲಿರುತ್ತದೆ. ಮಧ್ಯೆ ಮತ್ತೆ ತುಂಬಿಸಿ ಆ ಗಾಳಿಯ ಜಾಗವನ್ನು ಮುಳುಗಿಸಿಬಿಡುವುದೇ ಹೊಸಬರು ಇದರಲ್ಲಿ ಮಾಡುವ ದೊಡ್ಡ ತಪ್ಪು.

ಇನ್ನು ಮಳೆಯೇ ಬೆಳೆಗೆ ಕಂಟಕವಾಗುವ ಪರಿ. ಮೇಲೆ ಮುಚ್ಚಿಗೆಯಿಲ್ಲದ, ಹತ್ತು ಚದರ ಮೀಟರಿನ ತೆರೆದ ಹಾಸಿನ ಮೇಲೆ ಒಂದು ಗಂಟೆಯಲ್ಲಿ 30 ಮಿಲಿಮೀಟರ್ ಮಳೆ ಸುರಿದರೆ 300 ಲೀಟರ್ ನೀರು ದ್ರಾವಣಕ್ಕೆ ಸೇರುತ್ತದೆ. 500 ಲೀಟರಿನ ತೊಟ್ಟಿಯಲ್ಲಿ ಹದ ಮಾಡಿಟ್ಟ ದ್ರಾವಣ ತೆಳುವಾಗಿ, ಉಕ್ಕಿ, ಗೊಬ್ಬರ ಸಮೇತ ಚರಂಡಿ ಸೇರುತ್ತದೆ. ಮಳೆಯನ್ನು ಹಿಡಿಯುವ ಜಾಗವೂ ಬೆಳೆಯುವ ಜಾಗವೂ ಬೇರೆಯಾಗಿರಬೇಕು, ಇಲ್ಲವೇ ಒಂದರ ಮೇಲೊಂದಿರಬೇಕು. ಹಸಿರುಮನೆಯ ಸೂರು ಎರಡನ್ನೂ ಏಕಕಾಲಕ್ಕೆ ಸಾಧಿಸುತ್ತದೆ: ಕೆಳಗಿನ ಗಿಡವನ್ನು ಕಾಯುತ್ತದೆ, ಗಾಜಿನ ಅಥವಾ ಪ್ಲಾಸ್ಟಿಕ್ಕಿನ ನುಣುಪು ಮೈಯಿಂದ ಸ್ವಚ್ಛವಾದ ನೀರನ್ನು ತೊಟ್ಟಿಗಿಳಿಸುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಲೂಫಾ ಫಾರ್ಮ್ಸ್ 2011ರಲ್ಲಿ ಕಟ್ಟಡದ ಮೇಲೆ ಆರಂಭಿಸಿದ ಹಸಿರುಮನೆ, 2020ರಲ್ಲಿ ಅದೇ ಸಂಸ್ಥೆ ತೆರೆದ 15,000 ಚದರ ಮೀಟರಿನ ಇನ್ನೊಂದು, ಬಾರ್ಸಿಲೋನಾ ಸ್ವಾಯತ್ತ ವಿಶ್ವವಿದ್ಯಾಲಯದ ಪರಿಸರ ಸಂಶೋಧನಾ ಕಟ್ಟಡದ ಮೇಲಿರುವ ಪ್ರಾಯೋಗಿಕ ಹಸಿರುಮನೆ, ಇವೆಲ್ಲ ಈ ದಾರಿಯನ್ನೇ ಹಿಡಿದಿವೆ. ಬಾರ್ಸಿಲೋನಾದ್ದಂತೂ ಕೆಳಗಿನ ಕಟ್ಟಡದ ಬೆಚ್ಚನೆಯ ಗಾಳಿಯನ್ನೂ ಬಳಸಿಕೊಂಡು, ಮಳೆನೀರಿನಿಂದ ಟೊಮೆಟೊ, ಲೆಟ್ಯೂಸ್ ಬೆಳೆದು, ಪ್ರತಿಯೊಂದರ ಲೆಕ್ಕವನ್ನೂ ವರ್ಷಗಳಿಂದ ಬರೆದಿಡುತ್ತ ಬಂದಿದೆ. ಗಾಳಿಯ ಎಳೆತಕ್ಕೆ ಸೂರು ಕಿತ್ತು ಹೋಗದಂತೆ ಬಿಗಿಯುವುದು ಎತ್ತರದ ಕಟ್ಟಡದಲ್ಲಿ ನೆಲಕ್ಕಿಂತ ದುಬಾರಿ ಕೆಲಸ ಎಂಬುದನ್ನು ಇದರ ಜೊತೆಗೆ ಸೇರಿಸಿಕೊಳ್ಳಬೇಕು.

ನಗರಾಡಳಿತಗಳಿಗೆ ಈ ಯೋಜನೆಗಳು ಪ್ರಿಯವಾಗಲು ಇನ್ನೊಂದು ಕಾರಣ, ತಾರಸಿಯಲ್ಲೇ ನೀರು ಹಿಡಿದರೆ ಬೀದಿಯಲ್ಲಿ ನೆರೆ ಕಡಿಮೆಯಾಗುತ್ತದೆ ಎಂಬ ನಿರೀಕ್ಷೆ. ಇಲ್ಲೊಂದು ಎಡವಟ್ಟಿದೆ. ನೆರೆ ತಡೆಯಬೇಕಾದರೆ ದೊಡ್ಡ ಮಳೆ ಬರುವ ಹೊತ್ತಿಗೆ ತೊಟ್ಟಿ ಖಾಲಿಯಿರಬೇಕು. ಬೆಳೆಗಾರನಿಗೆ ತೊಟ್ಟಿ ಸದಾ ತುಂಬಿರಬೇಕು. ಮಳೆಗಾಲದ ನಡುವೆ, ನೆರೆಯ ಭಯ ಹೆಚ್ಚಿರುವಾಗಲೇ, ತೊಟ್ಟಿ ತುಂಬಿ ತುಳುಕುತ್ತಿರುತ್ತದೆ. ಹವಾಮಾನ ಮುನ್ಸೂಚನೆ ನೋಡಿ ಮುಂಚಿತವಾಗಿ ಒಂದು ಭಾಗವನ್ನು ಖಾಲಿ ಮಾಡುವ ವ್ಯವಸ್ಥೆ ಮಾಡಬಹುದಾದರೂ, ಮುನ್ಸೂಚನೆ ತಪ್ಪಿದ ದಿನ ಕಳೆದುಕೊಂಡ ನೀರನ್ನು ಬೆಳೆಗಾರನಿಗೆ ಯಾರು ತುಂಬಿಕೊಡುತ್ತಾರೆ ಎಂಬುದನ್ನು ಒಪ್ಪಂದದಲ್ಲೇ ಬರೆಯಬೇಕಾಗುತ್ತದೆ. ಎರಡೂ ಲಾಭವನ್ನು ಒಂದೇ ತೊಟ್ಟಿಯ ಹೆಸರಿನಲ್ಲಿ ಪೂರ್ತಿಯಾಗಿ ಎಣಿಸುವ ವರದಿಗಳನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

ಇಷ್ಟಾಗಿ ಎಷ್ಟು ಆಹಾರ ಸಿಗುತ್ತದೆ? ಇಟಲಿಯ ಬೊಲೋನ್ಯಾ ನಗರದ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವು, ಅಲ್ಲಿನ ಬಳಸಬಹುದಾದ 82 ಹೆಕ್ಟೇರ್ ಚಪ್ಪಟೆ ಸೂರುಗಳಲ್ಲೆಲ್ಲ ಬೆಳೆದರೆ ವರ್ಷಕ್ಕೆ 12,000 ಟನ್ನಿಗೂ ಹೆಚ್ಚು ತರಕಾರಿ ಸಿಕ್ಕಿ, ನಗರದ ತರಕಾರಿ ಬೇಡಿಕೆಯ ನೂರಕ್ಕೆ 77ರಷ್ಟು ಪೂರೈಸಬಹುದೆಂದು ಲೆಕ್ಕ ಹಾಕಿತ್ತು. ಅದು ಸಾಧ್ಯತೆಯ ಅಂಕಿ, ನಡೆದ ಸಂಗತಿಯಲ್ಲ. ಜೊತೆಗೆ ಅದು ತರಕಾರಿಯ ಅಂಕಿ, ಆಹಾರದ್ದಲ್ಲ. ಲೆಟ್ಯೂಸ್‌ನ ತೂಕದಲ್ಲಿ ನೂರಕ್ಕೆ 95 ಪಾಲು ನೀರು. ಒಂದು ಕಿಲೊ ತಿಂದರೆ ಸಿಗುವುದು ಸುಮಾರು 150 ಕ್ಯಾಲೊರಿ. ದಿನಕ್ಕೆ 2,000 ಕ್ಯಾಲೊರಿ ಬೇಕಾದವರು ಅದರಲ್ಲೇ ಬದುಕಬೇಕಾದರೆ ಹದಿಮೂರು ಕಿಲೊ ಅಗಿಯಬೇಕು. ಗೋಧಿ, ಅಕ್ಕಿ, ಬೇಳೆ, ಎಣ್ಣೆಕಾಳುಗಳನ್ನು ತಾರಸಿಯ ಕಾಲುವೆಯಲ್ಲಿ ಬೆಳೆಯುವ ಮಾತಿಗೆ ಅರ್ಥವಿಲ್ಲ. ಬೇಗ ಬಾಡುವ, ದೂರದಿಂದ ತಂದರೆ ದಾರಿಯಲ್ಲೇ ಅರ್ಧ ಹಾಳಾಗುವ ಸೊಪ್ಪು, ಪುದೀನ, ತುಳಸಿ ಜಾತಿಯ ಸುವಾಸನೆ ಎಲೆಗಳು, ಟೊಮೆಟೊ, ಸೌತೆ, ಇವೇ ಇದಕ್ಕೆ ತಕ್ಕ ಬೆಳೆಗಳು. ಇವನ್ನು ಬೆಳೆದು ಮಾರಿ ಲಾಭ ಮಾಡುವುದೂ ಸುಲಭವಲ್ಲ. ನೆದರ್ಲೆಂಡ್ಸ್‌ನ ಹೇಗ್ ನಗರದ ಹಳೆಯ ಕಟ್ಟಡವೊಂದರ ಮೇಲೆ 2016ರಲ್ಲಿ ಬಹಳ ಸದ್ದಿನೊಂದಿಗೆ ಶುರುವಾದ, ಮೀನು ಮತ್ತು ತರಕಾರಿ ಒಟ್ಟಿಗೆ ಬೆಳೆಯುವ ಹಸಿರುಮನೆ ಎರಡೇ ವರ್ಷಗಳಲ್ಲಿ ದಿವಾಳಿಯಾಯಿತು.

ಪರಿಸರದ ಲಾಭದ ಬಗ್ಗೆಯೂ ಈಗ ಹೆಚ್ಚು ನಿಖರವಾದ ಮಾಹಿತಿ ಬರುತ್ತಿದೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದಲ್ಲಿ ಯೂರೋಪು ಮತ್ತು ಅಮೆರಿಕದ ಐದು ದೇಶಗಳ 73 ನಗರ ತೋಟಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಹೊತ್ತಿನ ಬಡಿಸುವಿಕೆಯ ಲೆಕ್ಕದಲ್ಲಿ ನಗರ ತೋಟದ ತರಕಾರಿ, ಹಣ್ಣುಗಳ ಇಂಗಾಲದ ಹೊರೆ ಸಾಮಾನ್ಯ ಬೇಸಾಯದ ಆರು ಪಟ್ಟು ಎಂದು ಕಂಡುಬಂದಿತು. ಅವು ಹೆಚ್ಚಾಗಿ ಮಣ್ಣಿನ ತೋಟಗಳು, ಹೈಡ್ರೋಪೋನಿಕ್ಸ್ ಅಲ್ಲ. ಆದರೆ ಹೊರೆ ಬಂದದ್ದು ಎಲ್ಲಿಂದ ಎಂಬುದು ಇಲ್ಲಿಗೂ ಸಲ್ಲುತ್ತದೆ: ಕಟ್ಟೆ, ಚೌಕಟ್ಟು, ಕೊಟ್ಟಿಗೆ, ಕಾಲುದಾರಿಗಳೇ ಅದರ ಬಹುಪಾಲನ್ನು ತಂದಿದ್ದವು. ಐದು ವರ್ಷ ಬಳಸಿ ಕಿತ್ತೆಸೆದ ಪಾತಿಗಿಂತ ಇಪ್ಪತ್ತು ವರ್ಷ ಉಳಿದ ಪಾತಿಯ ಹೊರೆ ಬಡಿಸುವಿಕೆಯೊಂದಕ್ಕೆ ನಾಲ್ಕನೇ ಒಂದು ಭಾಗವಷ್ಟೇ. ತಾರಸಿಯ ಹೈಡ್ರೋಪೋನಿಕ್ಸ್ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನಿಂದ ಕಟ್ಟಿದ್ದು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಸಾಧಾರಣ ಪಿವಿಸಿ ಪೈಪು ಬಿಳಿಚಿ, ಪೆಡಸಾಗಿ, ಒಂದು ದಿನ ಕೀಲಿನ ಬಳಿ ಸೀಳುತ್ತದೆ. ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆಯೆಂದರೆ ಈ ಕಾಲುವೆ ಎಷ್ಟು ವರ್ಷ ಬಿಸಿಲನ್ನು ತಾಳುತ್ತದೆ ಎಂಬುದು. ಕಟ್ಟಡದ ಬುಡದಲ್ಲಿ ತೋಡಿಸಿದ ಸಂಪು ಹತ್ತಾರು ವರ್ಷ ಇರುತ್ತದೆ, ಮೇಲಿನ ಕಾಲುವೆಗಳನ್ನು ಅಷ್ಟರಲ್ಲಿ ಎರಡು ಮೂರು ಬಾರಿ ಬದಲಿಸಬೇಕಾಗಿ ಬರಬಹುದು. ಬೆಳೆಯುವ ಹುಮ್ಮಸ್ಸು ನಡುವೆ ಇಳಿದುಹೋದರೂ ಆ ಸಂಪಿನ ನೀರು ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು, ಶೌಚಾಲಯಕ್ಕೆ ಒದಗುತ್ತದೆ. ಹಣ ಒಂದಕ್ಕೇ ಸಾಲುವುದಾದರೆ ಮೊದಲು ಸಂಪನ್ನು ಕಟ್ಟಿಸಿ, ಒಂದು ಮಳೆಗಾಲ ಅದರಲ್ಲಿ ಎಷ್ಟು ನೀರು ನಿಲ್ಲುತ್ತದೆ, ಎಷ್ಟು ದಿನ ಉಳಿಯುತ್ತದೆ ಎಂದು ಗುರುತು ಹಾಕಿ ನೋಡಿ, ಕಾಲುವೆಗಳ ಉದ್ದವನ್ನು ಆಮೇಲೆ ತೀರ್ಮಾನಿಸುವುದು ಒಳ್ಳೆಯದು.